ಸಮುದ್ರ ದಾಟಿ ಬಂದ ಚಾಕುಗಳು

ನಮ್ಮ ಮನೆಯಲ್ಲಿ ಇರುವವರು ಇಬ್ಬರು, ಚಾಕುಗಳು ಏಳು. ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಏಕೆಂದರೆ ನಾವಿಬ್ಬರೂ ಸೊಪ್ಪು, ಬದನೆಕಾಯಿ, ಬೆಂಡೆಕಾಯಿಗಿಂತ ಹೆಚ್ಚಿನದೇನನ್ನೂ ಕತ್ತರಿಸಿದವರಲ್ಲ. ಅದಕ್ಕಿಂತ ದೊಡ್ಡ ಸಂಕೋಚ ಇನ್ನೊಂದಿದೆ: ಈ ಏಳರಲ್ಲಿ ಒಂದೂ ನನ್ನ ಹೆಂಡತಿ ಸರೋಜಾಗೆ ಬೇಕಾಗಿರಲಿಲ್ಲ, ಏಳನ್ನೂ ನಾನು ತರಿಸಿದ್ದು ಅವಳಿಗಾಗಿಯೇ.

ನಾಲ್ಕು ಜಪಾನಿನವು, ಎರಡು ಜರ್ಮನಿಯವು, ಒಂದು ಪೋರ್ಚುಗಲ್ಲಿನದು. ನಾನು ಈ ಯಾವ ದೇಶಕ್ಕೂ ಹೋದವನಲ್ಲ. ಗದಗಿನಲ್ಲಿ ಹುಟ್ಟಿ, ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಗೆ ಸೇರಿ, ಅಲ್ಲಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವನು. ಬೇರೆಯವರು ತಯಾರಿಸಿದ ಬಿಡಿಭಾಗಗಳನ್ನು ಅಳೆಯುವುದು, ಅಳತೆ ತಪ್ಪಿದ್ದರೆ ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ ಕಳಿಸುವುದು, ಇಷ್ಟೇ ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಿಡಿಯುತ್ತಿದ್ದೆ. ‘ಪಾಟೀಲರ ಕಣ್ಣ ತಪ್ಪಸೂದು ಆಗಂಗಿಲ್ಲ’ ಎಂದು ನನ್ನ ಬೆನ್ನ ಹಿಂದೆ ಬೈಯುತ್ತಿದ್ದರು. ಆ ಬೈಗುಳ ಕಿವಿಗೆ ಬಿದ್ದಾಗ ನನಗೆ ಸಂತೋಷವೇ ಆಗುತ್ತಿತ್ತು.

ನಿವೃತ್ತಿಯಾದ ಮೇಲೆ ಮಲ್ಕಾಜ್‌ಗಿರಿಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಅಳೆಯಲು ಏನೂ ಇರಲಿಲ್ಲ. ಒಂದು ದಿನ ಫೋನಿನಲ್ಲಿ ಯಾರೋ ಟೊಮೆಟೊ ಹೆಚ್ಚುವುದನ್ನು ನೋಡಿದೆ. ಚಾಕು ಹಾದುಹೋಯಿತು, ಟೊಮೆಟೊ ಅಲುಗಲಿಲ್ಲ. ಆಮೇಲೆ ಅವನು ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಅದು ಇಪ್ಪತ್ತು ಬಿಲ್ಲೆಗಳಾಗಿ ಮಲಗಿತು. ನಾನು ಕೂಡಲೇ ಎದ್ದು ಅಡುಗೆಮನೆಗೆ ಹೋಗಿ ನಮ್ಮ ಚಾಕು ಯಾವುದೆಂದು ನೋಡಿದೆ. ಬ್ರೆಡ್ಡಿನ ಜೊತೆ ಉಚಿತವಾಗಿ ಬಂದಿದ್ದ, ಹಿಡಿ ಸಡಿಲವಾದ ಒಂದು ತಗಡು ಸಿಕ್ಕಿತು. ಸರೋಜಾ ಅದನ್ನು ಹಾಲಿನ ಪಾಕೀಟು ಕತ್ತರಿಸಲು ಮಾತ್ರ ಬಳಸುತ್ತಿದ್ದಳು. ಉಳಿದದ್ದಕ್ಕೆಲ್ಲ ಅವಳ ಈಳಿಗೆ ಇತ್ತು.

ಈಳಿಗೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಒಂದು ಮಣೆ, ಅದರ ಮೇಲೆ ನೆಟ್ಟಗೆ ನಿಂತ ಬಾಗಿದ ಅಲಗು, ತುದಿಯಲ್ಲಿ ಕೊಬ್ಬರಿ ತುರಿಯುವ ಹಲ್ಲು. ತೆಲುಗರು ಇದನ್ನು ಕತ್ತಿಪೀಟ ಎನ್ನುತ್ತಾರೆ, ಮರಾಠಿಯವರು ವಿಳಿ ಎನ್ನುತ್ತಾರೆ, ಬಂಗಾಳಿಗಳ ಮನೆಯಲ್ಲೂ ಬೇರೆ ಹೆಸರಿನಲ್ಲಿ ಇದೇ ಇದೆಯಂತೆ. ಚಾಕು ಹಿಡಿಯುವವರು ಅಲಗನ್ನು ತರಕಾರಿಯ ಹತ್ತಿರ ಒಯ್ಯುತ್ತಾರೆ. ಈಳಿಗೆಯ ಮುಂದೆ ಕೂತವರು ತರಕಾರಿಯನ್ನು ಅಲಗಿನ ಹತ್ತಿರ ಒಯ್ಯುತ್ತಾರೆ. ಅಲಗು ಇದ್ದಲ್ಲೇ ಇರುತ್ತದೆ. ಇದನ್ನು ಆಗ ನಾನು ಒಂದು ಸ್ವಾರಸ್ಯದ ವಿಷಯವೆಂದು ಗೆಳೆಯರಿಗೆಲ್ಲ ಹೇಳುತ್ತಿದ್ದೆ. ಅದರ ಅರ್ಥ ನನಗೆ ಆಗಿರಲಿಲ್ಲ.

ಸರೋಜಾಳ ಈಳಿಗೆ ಬಿಜಾಪುರದ ತವರಿನಿಂದ ಬಂದದ್ದು. ಮಧ್ಯಾಹ್ನ ಎರಡಕ್ಕೆ ಅವಳು ಅದನ್ನು ನಡುಮನೆಗೆ ತಂದು, ಮಣೆಯ ಮೇಲೆ ಒಂದು ಕಾಲು ಮಡಿಸಿಟ್ಟು ಕೂತರೆ, ಎದುರು ಮನೆಯ ವಿಜಯಲಕ್ಷ್ಮಿಯವರು ಗೋಂಗೂರ ಸೊಪ್ಪಿನ ಕಟ್ಟು ಹಿಡಿದು ಬಂದು ಅವಳೆದುರು ಕೂರುತ್ತಿದ್ದರು. ಇವಳ ಕನ್ನಡಕ್ಕೆ ಅವರ ತೆಲುಗು, ನಡುನಡುವೆ ಇಬ್ಬರಿಗೂ ಸೇರಿದ ಹಿಂದಿ. ರಾತ್ರಿಯ ಅಡುಗೆಗೆ ಬೇಕಾದದ್ದು ಹತ್ತು ನಿಮಿಷದ ಹೆಚ್ಚುವಿಕೆ. ಅದು ಒಂದೂವರೆ ಗಂಟೆ ನಡೆಯುತ್ತಿತ್ತು. ಒಳಗೆ ಮಲಗಿ ಪೇಪರ್ ಓದುತ್ತಿದ್ದ ನನಗೆ ಇದು ಕಾಲಹರಣದಂತೆ ಕಾಣುತ್ತಿತ್ತು.

ಮೊದಲ ಚಾಕು ಜಪಾನಿನಿಂದ ಹೊರಟು ಮೂರು ವಾರವಾದರೂ ಬರಲಿಲ್ಲ. ಆಮೇಲೆ ಕಸ್ಟಮ್ಸಿನಿಂದ ಒಂದು ಪತ್ರ ಬಂತು: ಇಷ್ಟು ಉದ್ದದ ಅಲಗು ತಮಗೆ ಯಾವ ಉದ್ದೇಶಕ್ಕೆ ಬೇಕಾಗಿದೆ, ತಿಳಿಸಬೇಕು. ನನ್ನ ಸರ್ಕಾರಿ ಇಂಗ್ಲಿಷನ್ನೆಲ್ಲ ಕೂಡಿಸಿ, ತರಕಾರಿಗಳ ಪಟ್ಟಿ ಸಮೇತ ಒಂದು ಪುಟದ ವಿವರಣೆ ಬರೆದೆ. ಬದನೆಕಾಯಿಯನ್ನು ಮೊದಲಲ್ಲಿಟ್ಟೆ, ಅದು ಎಲ್ಲಕ್ಕಿಂತ ನಿರುಪದ್ರವಿಯಾಗಿ ಕಂಡಿತು. ಚಾಕು ಬಂತು. ಬಂದ ಮೇಲೆ ಅದರ ಜಪಾನಿ ಹೆಸರಿನ ಅರ್ಥ ಹುಡುಕಿದೆ. ‘ಹಸುವಿನ ಕತ್ತಿ’ ಎಂದಿತ್ತು. ಅಷ್ಟರಲ್ಲಾಗಲೇ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿಯಾಗಿತ್ತು.

“ಹೆಸರು ಯಾಕ ಹುಡುಕಾಕ ಹೋದ್ರಿ?” ಎಂದಳು ಸರೋಜಾ. “ಈಗ ನಾ ಇದನ್ನ ಮುಟ್ಟಂಗಿಲ್ಲ.”

ನನಗೆ ಆಗ ಅನುಮಾನ ಬಂದಿದ್ದರೆ ಚೆನ್ನಾಗಿತ್ತು. ಅವಳ ದನಿಯಲ್ಲಿ ಬೇಸರ ಇರಲಿಲ್ಲ, ಏನೋ ತಪ್ಪಿಸಿಕೊಂಡ ನೆಮ್ಮದಿ ಇತ್ತು. ನಾನು ಅದನ್ನು ಭಕ್ತಿ ಎಂದುಕೊಂಡೆ.

ಎರಡನೆಯದನ್ನು ತರಿಸುವಾಗ ಎಚ್ಚರ ವಹಿಸಿದೆ. ಜಪಾನಿನ ಯಾವುದೋ ಸಣ್ಣ ಊರಿನಲ್ಲಿ ಅಪ್ಪ ಮಗ ಸೇರಿ ನಡೆಸುವ ಅಂಗಡಿ. ಅವರು ಜಪಾನಿ ಭಾಷೆಯಲ್ಲಿ ಬರೆದದ್ದನ್ನು ಫೋನಿನ ಅನುವಾದ ಯಂತ್ರ ಕನ್ನಡ ಮಾಡುತ್ತಿತ್ತು, ನನ್ನ ಕನ್ನಡವನ್ನು ಅದು ಏನು ಮಾಡುತ್ತಿತ್ತೋ ಅವರಿಗೇ ಗೊತ್ತು. ‘ಗೌರವಾನ್ವಿತ ದೂರದ ಅಡುಗೆಮನೆಯವರೇ’ ಎಂದು ಅವರ ಪತ್ರ ಶುರುವಾಗುತ್ತಿತ್ತು. ಸೊಪ್ಪು ತರಕಾರಿಗೆಂದೇ ಮಾಡಿದ ಚೌಕನೆಯ ಚಾಕುವೊಂದನ್ನು ತೋರಿಸಿ ಮಗ ಕೆಲವು ಪ್ರಶ್ನೆ ಕೇಳಿದ್ದ: ಇದನ್ನು ಬಳಸುವವರು ಯಾರು? ಬಲಗೈಯೋ ಎಡಗೈಯೋ? ಎತ್ತರ ಎಷ್ಟು? ನಿಂತು ಹೆಚ್ಚುತ್ತಾರೋ ಕೂತು ಹೆಚ್ಚುತ್ತಾರೋ? ಕೈಗೆ ಏನಾದರೂ ನೋವಿದೆಯೋ?

ಬಳಸುವವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನೇ ಎಲ್ಲಕ್ಕೂ ಉತ್ತರ ಬರೆದೆ. ‘ನಿಂತು’ ಎಂದು ಬರೆದೆ, ಯಾಕೆಂದರೆ ಇನ್ನು ಮೇಲೆ ಅವಳು ನಿಂತೇ ಹೆಚ್ಚಬೇಕೆಂದು ನಾನು ತೀರ್ಮಾನಿಸಿದ್ದೆ. ಒಮ್ಮೆ ನೆಲದಿಂದ ಏಳುವಾಗ “ಮೊಣಕಾಲ ಹಿಡದಾವು” ಅಂದಿದ್ದಳು. ಅಷ್ಟೇ ಸಾಕಾಗಿತ್ತು ನನಗೆ.

ಆ ಚಾಕು ಬಂದಾಗ ಅವಳು ಕೈಯಲ್ಲಿ ಹಿಡಿದು, “ಭಾಳ ಹಗರ ಐತ್ರಿ. ಎಲ್ಲಿ ಐತಿ ಅಂತ ಕೈಗೆ ಗೊತ್ತಾಗಂಗಿಲ್ಲ” ಎಂದಳು. ಹಗುರವೆಂದದ್ದಕ್ಕೆ ಜರ್ಮನಿಯಿಂದ ಭಾರದ್ದು ತರಿಸಿದೆ. “ಇದು ಕೈ ಜಗ್ತೈತಿ” ಎಂದಳು. ಪೋರ್ಚುಗಲ್ಲಿನದಕ್ಕೆ ಹಿಡಿ ಜಾರುತ್ತಿತ್ತಂತೆ. ನಾನು ಅವಳ ಒಂದೊಂದು ಮಾತನ್ನೂ ಮಾಲಿನ ದೋಷವೆಂದು ಬರೆದುಕೊಂಡು, ಆ ದೋಷವಿಲ್ಲದ ಮತ್ತೊಂದನ್ನು ಮತ್ತೊಂದು ದೇಶದಲ್ಲಿ ಹುಡುಕಿದೆ. ಒಬ್ಬ ಹೆಂಗಸು ಏಳು ಸಲ ಏಳು ನೆವ ಹೇಳಿದರೆ, ಹೇಳದೆ ಉಳಿದ ಮಾತು ಒಂದೇ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಹೊಳೆಯದಿರಲು ಕಾರಣ, ನಾನು ಅಷ್ಟರಲ್ಲಿ ಚಾಕುಗಳ ಮೋಹದಲ್ಲಿ ಬಿದ್ದಿದ್ದೆ. ಸಾಣೆಕಲ್ಲುಗಳು ಬಂದವು. ಬೆಳಿಗ್ಗೆ ಸ್ನಾನ ಬಿಟ್ಟು ಅಲಗು ತೀಡುತ್ತಿದ್ದೆ. ಹರಿತ ಎಷ್ಟಾಯಿತೆಂದು ನೋಡಲು ಮುಂಗೈಯ ಕೂದಲು ಬೋಳಿಸಿ ನೋಡುವ ಕ್ರಮವಿದೆ. ಹೀಗಾಗಿ ನನ್ನ ಎಡಗೈ ಒಂದು ವರ್ಷ ನುಣ್ಣಗಿತ್ತು. “ಅಣ್ಣಯ್ಯಗಾರು, ಅಲರ್ಜಿಯಾ?” ಎಂದು ವಿಜಯಲಕ್ಷ್ಮಿಯವರು ಕೇಳಿದಾಗ ಹೌದೆಂದುಬಿಟ್ಟೆ.

ಸರೋಜಾ ಒಂದು ದಿನ ತಾರ್ನಾಕದಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ನಾನು ಆ ಹೊತ್ತಿನಲ್ಲಿ ಈಳಿಗೆಯನ್ನು ಹಳೆಯ ಚಾದರದಲ್ಲಿ ಸುತ್ತಿ, ಸ್ಟೂಲು ಹತ್ತಿ, ಅಡುಗೆಮನೆಯ ಅಟ್ಟಕ್ಕೆ ಹಾಕಿದೆ. ಅದು ಇದ್ದ ಜಾಗದಲ್ಲಿ ಹೊಸ ಮರದ ಹಲಗೆಯನ್ನಿಟ್ಟೆ. ಅವಳು ಬಂದು, ಗೋಡೆಯ ಮೂಲೆಯಲ್ಲಿ ಕೈಯಾಡಿಸಿ, ಹಲಗೆಯನ್ನು ಮುಟ್ಟಿ ನಿಂತಳು.

“ಈಳಿಗಿ ಎಲ್ಲಿ ಐತ್ರಿ?”

“ಮ್ಯಾಲಿಟ್ಟೀನಿ. ಇನ್ನ ಮ್ಯಾಲೆ ನಿಂತು ಹೆಚ್ಚು. ಮೊಣಕಾಲಿಗೆ ಚಲೋ.”

ಅವಳು ಏನೂ ಹೇಳಲಿಲ್ಲ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಅವಳ ಮೌನವನ್ನು ಒಪ್ಪಿಗೆಯೆಂದು ಓದುವುದು ನನಗೆ ಅಭ್ಯಾಸವಾಗಿತ್ತು.

ಅದಾದ ಮೇಲೆ ನಮ್ಮ ಊಟ ಬದಲಾಯಿತು. ಹೆಸರುಕಾಳು, ಮಡಕಿಕಾಳು, ಅಲಸಂದಿ, ಮತ್ತೆ ಹೆಸರುಕಾಳು. ಏಳು ಚಾಕುಗಳಿರುವ ಮನೆಯ ಪಲ್ಯದಲ್ಲಿ ಹೆಚ್ಚಿದ ತರಕಾರಿಯೇ ಇರುತ್ತಿರಲಿಲ್ಲ. ವಿಜಯಲಕ್ಷ್ಮಿಯವರು ಎರಡು ಮೂರು ಸಲ ಸೊಪ್ಪು ಹಿಡಿದು ಬಂದು, ಇವಳು ಗೋಡೆಯ ಕಡೆ ಮುಖ ಮಾಡಿ ಅಡುಗೆ ಕಟ್ಟೆಯ ಮುಂದೆ ನಿಂತಿರುವುದನ್ನು ನೋಡಿ, ಎಲ್ಲಿ ಕೂರಬೇಕೋ ತಿಳಿಯದೆ ಹಿಂದಿರುಗಿದರು. ಆಮೇಲೆ ಬರುವುದು ನಿಂತಿತು. ಮಧ್ಯಾಹ್ನ ಮನೆ ಶಾಂತವಾಗಿದೆ ಎಂದು ನಾನು ಸುಖವಾಗಿ ನಿದ್ದೆ ಮಾಡಿದೆ.

ಹೀಗಿರುವಾಗ ಒಂದು ಭಾನುವಾರ ಬಡಿಗೇರ ಬಂದ. ನನ್ನ ಜೊತೆ ಕಾರ್ಖಾನೆಯಲ್ಲಿ ಟೂಲ್ ರೂಮಿನಲ್ಲಿದ್ದವನು, ಉಕ್ಕಿನ ಗುಣ ಬಲ್ಲವನು. ಅವನನ್ನು ಊಟಕ್ಕೆ ಕರೆದದ್ದು ಊಟಕ್ಕಲ್ಲ, ಚಾಕು ತೋರಿಸುವುದಕ್ಕೆ. ಎಣ್ಣೆಗಾಯಿ ಆಗಬೇಕೆಂದು ನಾನೇ ಹೇಳಿದ್ದೆ. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡಬೇಕು. ಚಾಕುವಿನ ಗುಣ ಕಾಣುವುದು ಅಲ್ಲೇ. ಬಡಿಗೇರ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಲೆದೂಗುತ್ತಿದ್ದ. ನನಗೆ ಅಷ್ಟು ಸಾಲಲಿಲ್ಲ.

“ಸರೋಜಾ, ಆ ಚೌಕಂದು ತಗೊಂಡು ಒಂದ್ ಬದನಿಕಾಯಿ ಸೀಳಿ ತೋರಸು.”

“ನೀವ ತೋರಸ್ರಿ,” ಎಂದಳು.

“ನಿನ್ನ ಸಲವಾಗಿ ತರಿಸಿದ್ದು. ನೀನ ತೋರಸು.”

“ಆಮ್ಯಾಲೆ ತೋರಸ್ತೀನಿ. ಅಣ್ಣಾರು ಮೊದಲ ಚಹಾ ಕುಡೀಲಿ.”

“ಒಂದ್ ನಿಮಿಷದ ಕೆಲಸ,” ಎಂದು ನಾನು ಚಾಕುವನ್ನು ಅವಳ ಕೈಗೇ ಇಟ್ಟೆ.

ಅವಳು ಬದನೆಕಾಯಿಯನ್ನು ಎಡಗೈಯಲ್ಲಿ ಹಿಡಿದಳು. ಮೊದಲ ಸೀಳು ಸರಿಯಾಗಿ ಬಂತು. ಎರಡನೆಯದಕ್ಕೆ ತಿರುಗಿಸಿದಳು. ಕೂಗಲಿಲ್ಲ, ಬೆಚ್ಚಲಿಲ್ಲ. ಅಷ್ಟು ಹರಿತದ ಅಲಗು ತಾಗಿದ್ದು ಮೊದಲು ಗೊತ್ತಾಗುವುದೂ ಇಲ್ಲ. ಹಲಗೆಯ ಮೇಲೆ ಕೆಂಪು ಹರಡಿದ್ದನ್ನು ನೋಡಿದವನು ಬಡಿಗೇರ. ಸರೋಜಾ ಮೆಲ್ಲಗೆ ಚಾಕು ಕೆಳಗಿಟ್ಟು, “ರೀ, ಒಂದ್ ಅರಿವಿ ಕೊಡ್ರಿ” ಎಂದಳು. ಎಡಗೈಯ ತೋರುಬೆರಳ ತುದಿ ಎಲುಬಿನವರೆಗೂ ಸೀಳಿತ್ತು.

ಬಡಿಗೇರ ಕೆಳಗೋಡಿ ಆಟೋ ನಿಲ್ಲಿಸಿದ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ವೈದ್ಯೆ ಚಿಕ್ಕ ವಯಸ್ಸಿನವಳು. ಹೊಲಿಗೆ ಹಾಕುತ್ತಲೇ ಹಿಂದಿಯಲ್ಲಿ ಕೇಳಿದಳು, “ಅಮ್ಮಾ, ಆಪ್ ಕಹಾಂ ದೇಖ್ ರಹೇ ಥೇ?” ಎಲ್ಲಿ ನೋಡುತ್ತಿದ್ದಿರಿ ಎಂದು.

“ವಹೀಂ ದೇಖ್ ರಹೀ ಥೀ,” ಎಂದಳು ಸರೋಜಾ. ಅಲ್ಲೇ ನೋಡುತ್ತಿದ್ದೆ.

ವೈದ್ಯೆ ಒಂದು ಕ್ಷಣ ಕೈ ನಿಲ್ಲಿಸಿದಳು. ಕೆಲಸ ಮುಗಿದ ಮೇಲೆ ಜೇಬಿನಿಂದ ಪೆನ್ನು ತೆಗೆದು ಸರೋಜಾಳ ಮುಖದ ಪಕ್ಕಕ್ಕೆ, ಕೆಳಕ್ಕೆ, ಇನ್ನೊಂದು ಪಕ್ಕಕ್ಕೆ ಹಿಡಿದು, ಕಂಡಾಗ ಹೇಳಿ ಎಂದಳು. ಪೆನ್ನು ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬರುವವರೆಗೂ ಸರೋಜಾ ಹೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಇವಳು ಯಾಕೆ ಸುಮ್ಮನಿದ್ದಾಳೆ, ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ಕನ್ನಡದಲ್ಲಿ ತಿಳಿಸಿ ಹೇಳಲು ಬಾಯಿ ತೆರೆದಿದ್ದೆ.

ಮರುದಿನ ಕಣ್ಣಿನ ಆಸ್ಪತ್ರೆ. ಒಂದು ಕತ್ತಲೆ ಕೋಣೆಯಲ್ಲಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ಕೂರಬೇಕು. ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡಾಗ ಗುಂಡಿ ಒತ್ತಬೇಕು. ಕೊನೆಗೆ ಒಂದು ಕಾಗದ ಹೊರಬರುತ್ತದೆ. ಕಂಡ ಜಾಗ ಬಿಳಿ, ಕಾಣದ ಜಾಗ ಕಪ್ಪು. ನಾನು ಬದುಕೆಲ್ಲ ಡ್ರಾಯಿಂಗ್ ಓದಿದವನು, ಇದನ್ನು ಓದಲು ಯಾರೂ ಸಹಾಯ ಮಾಡಬೇಕಾಗಿರಲಿಲ್ಲ. ನಡುವೆ ಒಂದು ಸಣ್ಣ ಬಿಳಿ ಕಿಟಕಿ, ಸುತ್ತ ಕಪ್ಪು, ಕೆಳಗಡೆ ಹೆಚ್ಚು ಕಪ್ಪು. ಗ್ಲಕೋಮಾ ಎಂದರು ವೈದ್ಯರು. ಕಣ್ಣಿನೊಳಗಿನ ಒತ್ತಡ ನರವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ, ನೋವಿರುವುದಿಲ್ಲ. ಹೋದದ್ದು ಮರಳಿ ಬರುವುದಿಲ್ಲ, ಔಷಧದ ಹನಿಗಳಿಂದ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಒಂದೆರಡು ವರ್ಷ ಮೊದಲು ಬಂದಿದ್ದರೆ ಹೆಚ್ಚು ಉಳಿಯುತ್ತಿತ್ತು ಎಂದು ಅವರು ಮೆತ್ತಗೆ ಹೇಳಿದರು.

ಒಂದೆರಡು ವರ್ಷ. ಅಷ್ಟೇ ಕಾಲ ನಾನು ಚಾಕು ತರಿಸುತ್ತಿದ್ದೆ.

ಹೊರಗಿನ ಬೆಂಚಿನ ಮೇಲೆ ಕೂತಾಗ ಕೇಳಿದೆ, “ಯಾವಾಗಿಂದ ಹಿಂಗಾಗೇತಿ?”

“ಗೊತ್ತಿಲ್ಲರಿ. ನಡುವ ಎಲ್ಲಾ ಚಲೋ ಕಾಣಸ್ತೈತಿ. ಬಾಜೂಕ ಇದ್ದದ್ದು ಒಮ್ಮೆಲೇ ಬಂದಂಗ ಆಕೈತಿ. ಎರಡ ವರ್ಷ ಆಗಿರಬೇಕು.”

“ಯಾಕ ಹೇಳಲಿಲ್ಲ ನಂಗ?”

ಅವಳು ಕಟ್ಟು ಹಾಕಿದ ಬೆರಳನ್ನು ನೋಡುತ್ತ ಹೇಳಿದಳು, “ನಮ್ಮವ್ವಗೂ ಹಿಂಗ ಆಗಿತ್ತು. ಒಂದಿನ ಒಲಿ ಮುಂದ ಸೆರಗಿಗೆ ಕಿಡಿ ಹತ್ತಿತು ನೋಡ್ರಿ, ಅಂದಿಂದ ನಮ್ಮಣ್ಣ, ವೈನಿ ಆಕೀನ್ನ ಅಡಗಿಮನಿಗೆ ಬಿಡಲಿಲ್ಲ. ನೀವು ಆರಾಮ ಕೂಡ್ರಿ ಅಂತ ಪಡಸಾಲ್ಯಾಗ ಕುರ್ಚಿ ಹಾಕಿ ಕೂಡಿಸಿದ್ರು. ಭಾಳ ಪ್ರೀತಿಲೇ ಕೂಡಿಸಿದ್ರು. ಆಮ್ಯಾಲೆ ಯಾರೂ ಆಕೀನ್ನ ಏನೂ ಕೇಳಲಿಲ್ಲ. ಉಪ್ಪು ಎಷ್ಟು ಅಂತ ಸುದ್ದಾ ಕೇಳಲಿಲ್ಲ. ಆಕಿ ಮಾತಾಡೂದ ಬಿಟ್ಲು.”

ಆಮೇಲೆ ಬೆರಳಿನ ಕಟ್ಟನ್ನು ಸರಿಮಾಡಿಕೊಳ್ಳುತ್ತ, “ಈಳಿಗಿ ಇದ್ರ ನಡೀತಿತ್ರಿ,” ಎಂದಳು. “ಅದು ಎಲ್ಲಿ ಐತಿ ಅಂತ ನನಗ ಗೊತ್ತಿತ್ತು.”

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡಬಹುದಿತ್ತು.

ಮನೆಗೆ ಬರುವಾಗ ಆಟೋದಲ್ಲಿ ಒಂದೊಂದಾಗಿ ನೆನಪಾದವು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ‘ನೋಡಿಕೊಂಡು ನಡಿ’ ಎಂದು ಗದರಿದ್ದೆ. ಲೋಟದ ಪಕ್ಕಕ್ಕೆ ಚಹಾ ಸುರಿದಾಗ ‘ಲಕ್ಷ್ಯ ಎಲ್ಲಿ ಐತಿ’ ಎಂದಿದ್ದೆ. ಎಲ್ಲಕ್ಕಿಂತ ಹೆಚ್ಚು ಕುಟುಕಿದ್ದು ಸುಲ್ತಾನ್ ಬಜಾರಿನದು. ಹಿಂದಿನ ದೀಪಾವಳಿಗೆ ಸೀರೆ ಕೊಳ್ಳಲು ಹೋದಾಗ ಆ ಜನಜಂಗುಳಿಯಲ್ಲಿ ಅವಳು ನನ್ನ ಅಂಗಿಯ ತೋಳು ಹಿಡಿದಳು, ಮನೆ ಮುಟ್ಟುವವರೆಗೂ ಬಿಡಲಿಲ್ಲ. ಮದುವೆಯಾದ ಹೊಸತರಲ್ಲಿ ಕೂಡ ಹಾದಿಯಲ್ಲಿ ಕೈ ಹಿಡಿದವಳಲ್ಲ. ಈ ವಯಸ್ಸಿನಲ್ಲಿ ನನ್ನ ಮೇಲೆ ಇವಳಿಗೆ ಪ್ರೀತಿ ಉಕ್ಕಿದೆ ಎಂದು ನಾನು ಎಷ್ಟು ಹಿಗ್ಗಿದೆನೆಂದರೆ, ಮರುದಿನ ಬಡಿಗೇರನಿಗೆ ಫೋನು ಮಾಡಿ ಹೇಳಿದ್ದೆ. ಪ್ರೀತಿ ಇರಲಿಲ್ಲವೆನ್ನುವುದಿಲ್ಲ. ಆದರೆ ಅವಳು ಹಿಡಿದದ್ದು ದಾರಿಗಾಗಿ.

ಸುಮಾರು ಒಂದು ತಿಂಗಳ ಮೇಲೆ ಜಪಾನಿನ ಆ ಅಂಗಡಿಯ ಮಗನಿಂದ ಪತ್ರ ಬಂತು. ‘ದೂರದ ಅಡುಗೆಮನೆಯವರೇ, ಚಾಕು ಆ ಅಮ್ಮನವರ ಕೈಗೆ ಒಗ್ಗಿತೇ?’ ಬೇರೆ ಗಿರಾಕಿಗಳು ಫೋನಿನಲ್ಲೇ ಮೂರೋ ಐದೋ ನಕ್ಷತ್ರ ಒತ್ತಿ ಮುಗಿಸುತ್ತಾರೆ. ನಾನು ಬಹಳ ಹೊತ್ತು ಕೂತು, ನಡೆದದ್ದನ್ನೆಲ್ಲ ಬರೆದೆ. ಮೊದಲು ಕೊಟ್ಟ ಉತ್ತರಗಳಲ್ಲಿ ಸುಳ್ಳಿತ್ತು, ಅವಳು ಕೂತು ಹೆಚ್ಚುವವಳು ಎಂದೂ ಬರೆದೆ. ಎರಡೇ ದಿನಕ್ಕೆ ಮರುಪತ್ರ ಬಂತು. ಅಪ್ಪ ಮಗ ಇಬ್ಬರೂ ಬಾಗಿ ಕ್ಷಮೆ ಕೇಳುತ್ತಾರಂತೆ, ಅಮ್ಮನವರ ಬೆರಳು ಬೇಗ ಮಾಯಲೆಂದು ಬೇಡುತ್ತಾರಂತೆ, ಚಾಕುವಿನಲ್ಲಿ ತಪ್ಪಿದ್ದರೆ ದಯಮಾಡಿ ವಾಪಸು ಕಳಿಸಬೇಕಂತೆ. ಚಾಕುವಿನಲ್ಲಿ ತಪ್ಪಿಲ್ಲ ಎಂದು ಬರೆದು ಆ ವ್ಯವಹಾರ ಮುಗಿಸಿದೆ.

ಅಟ್ಟದಿಂದ ಈಳಿಗೆ ಇಳಿಯಿತು. ವಿಜಯಲಕ್ಷ್ಮಿಯವರ ಮನೆಗೆ ನಾನೇ ಹೋಗಿ, ನಾಳೆಯಿಂದ ಬರಬೇಕೆಂದು ಕೇಳಿಕೊಂಡೆ. ಅವರು ಬಂದರು. ಆದರೆ ಎಲ್ಲವೂ ಮೊದಲಿನಂತಾಯಿತೆಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಸರೋಜಾಳ ಆ ಬೆರಳ ತುದಿಯಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಕಣ್ಣು ಕಾಣದ ಕಡೆ ಅವಳಿಗೆ ಆ ಬೆರಳೇ ನೋಡುತ್ತಿತ್ತು. ಈಗ ಸೋರೆಕಾಯಿ, ಕುಂಬಳಕಾಯಿಯಂಥ ದೊಡ್ಡವನ್ನು ಅವಳು ಹೆಚ್ಚುತ್ತಾಳೆ. ರೊಟ್ಟಿಯನ್ನು ಮೊದಲಿನಂತೆಯೇ ಬಡಿಯುತ್ತಾಳೆ. ಬೆಂಡೆಕಾಯಿ, ಮೆಣಸಿನಕಾಯಿ, ಉಳ್ಳಾಗಡ್ಡಿ ನನ್ನ ಪಾಲು. ಉಪ್ಪು ಎಷ್ಟು ಎಂದು ದಿನಕ್ಕೆ ಎರಡು ಸಲ ಕೇಳುತ್ತೇನೆ, ಗೊತ್ತಿದ್ದರೂ ಕೇಳುತ್ತೇನೆ. “ಎಷ್ಟ ಸಲ ಕೇಳ್ತೀರಿ?” ಎಂದು ರೇಗುತ್ತಾಳೆ. ರೇಗಲಿ.

ಕಣ್ಣಿಗೆ ಹನಿ ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಮಲಗಿರಬೇಕು. ಮೊನ್ನೆ ಸಂಜೆ ಅವಳು ಹಾಗೆ ಒಳಗೆ ಮಲಗಿದ್ದಳು. ನಾನು ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಒಳಗಿಂದ ಮಾತು ಬಂತು.

“ದಪ್ಪ ಹೆಚ್ಚಾಕತ್ತೀರಿ.”

ನಾನು ಚಾಕು ನಿಲ್ಲಿಸಿದೆ. “ಅಲ್ಲಿ ಮಲಗಿ ನಿನಗ ಹ್ಯಾಂಗ ಗೊತ್ತಾತು?”

“ಸಪ್ಪಳ ಕೇಳಸ್ತೈತಲ್ಲ. ಒಂದಕ್ಕೂ ಇನ್ನೊಂದಕ್ಕೂ ಭಾಳ ಅಂತರ ಬೀಳಾಕತ್ತೈತಿ.”

ಮೆಲ್ಲಗೆ, ಸಣ್ಣಗೆ ಹೆಚ್ಚತೊಡಗಿದೆ. “ಈಗ?”

“ಇನ್ನೂ ಸಣ್ಣ.”

“ಈಗ?”

ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಹಾಂ, ಹಂಗ ನಡೀಲಿ,” ಎಂದಳು.

ಆ ದಿನದ ಪಲ್ಯದಲ್ಲಿ ಅರ್ಧ ದಪ್ಪ, ಅರ್ಧ ತೆಳು. ಊಟಕ್ಕೆ ಕೂತಾಗ ಸರೋಜಾ ತಟ್ಟೆಯನ್ನು ಮುಖದ ನೇರಕ್ಕೆ ಎಳೆದುಕೊಂಡು, ಒಂದೊಂದನ್ನೇ ನೋಡಿ, ಆರಿಸಿ, ದಪ್ಪನೆಯವನ್ನೆಲ್ಲ ನನ್ನ ತಟ್ಟೆಗೆ ಹಾಕಿದಳು.